ತೂಕ: ಒಂದು ಕೆಜಿ

ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಅಜೈಲ್ ಎಂಬ ಸಾಫ್ಟ್‌ವೇರ್ ಕೆಲಸದ ವಿಧಾನದ ಬಗ್ಗೆ ಟ್ರೈನಿಂಗ್ ಇತ್ತು. ಕೋಚ್ ಬಂದವರೇ ಕೇಳಿದರು, "ಅಜೈಲ್ ಅಂದ್ರೆ ಏನು?" ದಿನಾ ಸ್ಟ್ಯಾಂಡಪ್, ಅಂದರೆ ನಿಂತೇ ಮುಗಿಸುವ ಚುಟುಕು ಮೀಟಿಂಗ್ ಅಂದರು ಒಬ್ಬರು. ಎರಡು ವಾರದ ಸ್ಪ್ರಿಂಟ್, ಅಂದರೆ ಇಂತಿಷ್ಟು ಕೆಲಸ ಅಂತ ಹಾಕಿಕೊಳ್ಳುವ ಸಣ್ಣ ಅವಧಿ ಅಂದರು ಇನ್ನೊಬ್ಬರು. ಹಿಂದಿನಿಂದ ಯಾರೋ "ಜಿರಾ ಟಿಕೆಟ್" ಅಂದಾಗ ಎಲ್ಲರಿಗೂ ನಗು. ಜಿರಾ ಅಂದರೆ ಯಾರ ಕೆಲಸ ಎಲ್ಲಿಗೆ ಬಂತು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್.

ಕೋಚ್ ಅಜೈಲ್‌ನ ಮ್ಯಾನಿಫೆಸ್ಟೋ, ಅಂದರೆ ಅದರ ಮೂಲ ಘೋಷಣೆ ತೋರಿಸಿದರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ, ಸ್ನೋಬರ್ಡ್ ಎಂಬ ಸ್ಕೀ ತಾಣದಲ್ಲಿ 17 ಜನ ಸಾಫ್ಟ್‌ವೇರ್ ಪರಿಣತರು ಸೇರಿ ಬರೆದದ್ದು. ಕೆಂಟ್ ಬೆಕ್, ಮಾರ್ಟಿನ್ ಫೌಲರ್ ಎಲ್ಲ ಇದ್ದರು. ಅದರಲ್ಲಿರುವುದು ನಾಲ್ಕೇ ಮೌಲ್ಯ. ಪ್ರೊಸೆಸ್, ಟೂಲ್‌ಗಿಂತ ಜನ ಮುಖ್ಯ. ದಪ್ಪ ಡಾಕ್ಯುಮೆಂಟಿಗಿಂತ ಓಡುವ ಸಾಫ್ಟ್‌ವೇರ್, ಕರಾರಿನ ಜಗ್ಗಾಟಕ್ಕಿಂತ ಗ್ರಾಹಕರ ಜತೆ ಕೆಲಸ, ಪ್ಲಾನಿಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು. ಡಾಕ್ಯುಮೆಂಟೇ ಬೇಡ ಅಂತ ಎಲ್ಲೂ ಇಲ್ಲ. ಸ್ಟ್ಯಾಂಡಪ್, ಸ್ಪ್ರಿಂಟ್, ಜಿರಾ ಹೆಸರೂ ಇಲ್ಲ!

ನನಗೆ ಇದು ತಲೆಗೆ ಹೋಗಿದ್ದು ಮಧ್ಯಾಹ್ನದ ಡೆಮೊದಲ್ಲಿ. ಗೋಡೌನಿಗೆ ಬರುವ ಸರಕನ್ನು ದಾಖಲಿಸುವ ಆ್ಯಪ್ ಮಾಡುತ್ತಿದ್ದೆವು. ನೆಲಮಂಗಲದ ಗೋಡೌನಿನಿಂದ ಸೂಪರ್‌ವೈಸರ್ ಬಂದಿದ್ದರು. ಅಲ್ಲಿಯವರೆಗೆ ನಾವು ಮಾತಾಡಿದ್ದೆಲ್ಲ ಅವರ ಹೆಡ್ಡಾಫೀಸಿನವರ ಜತೆ.

ಟ್ಯಾಬ್ ಕೈಗೆ ಕೊಟ್ಟೆವು. ಲಾರಿ ನಂಬರ್ ಹಾಕಿದರು, ಬಿಲ್ ನಂಬರ್ ಹಾಕಿದರು. ತೂಕ ಅಂತ ಇದ್ದ ಕಡೆ ಯೋಚನೆಯನ್ನೇ ಮಾಡದೆ 1 ಅಂತ ಒತ್ತಿ ಮುಂದೆ ಹೋದರು.

"ಒಂದು ಕೆಜಿನಾ ಸಾರ್?"

"ತೂಕದ ಚೀಟಿ ಬರೋದು ಲಾರಿ ಖಾಲಿ ಆದ್ಮೇಲೆ ಸಾರ್. ಹಳೇ ಸಾಫ್ಟ್‌ವೇರಲ್ಲೂ ಸುಮ್ನೆ ಒಂದು ಅಂತ ಹಾಕ್ತೀವಿ. ಇಲ್ಲಾಂದ್ರೆ ಮುಂದಕ್ಕೇ ಬಿಡಲ್ಲ."

ಆ್ಯಪಿನಲ್ಲಿ ಏನೇನು ಬೇಕು ಅಂತ ಬರೆದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ ತೂಕ ಕಡ್ಡಾಯ ಅಂತಿತ್ತು, ಸಹಿಯೂ ಬಿದ್ದಿತ್ತು. ಆ ಸ್ಪ್ರಿಂಟಿನ ದೊಡ್ಡ ಕೆಲಸವೇ ತೂಕದ ರಿಪೋರ್ಟು, ಬಣ್ಣಬಣ್ಣದ ಗ್ರಾಫ್ ಸಮೇತ. ಅಷ್ಟೂ ಗ್ರಾಫ್ ಒಂದು ಕೆಜಿ ಲಾರಿಗಳ ಮೇಲೆ ನಿಲ್ಲುತ್ತಿತ್ತು ಅಲ್ವಾ!

ಮ್ಯಾನೇಜರ್ ತಕರಾರು ತೆಗೆದರು, "ಸ್ಪ್ರಿಂಟ್ ಮಧ್ಯೆ ಬದಲಾಯಿಸೋ ಹಾಗಿಲ್ಲ." ಆದರೆ ಕೆಲಸ ಮಾಡುತ್ತಾ ಹೊಸ ವಿಷಯ ತಿಳಿದರೆ ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಜತೆ ಮಾತಾಡಿ ಸ್ಕೋಪ್, ಅಂದರೆ ಕೆಲಸದ ವ್ಯಾಪ್ತಿ ಬದಲಿಸಬಹುದು ಅಂತ ಸ್ಪ್ರಿಂಟಿನ ನಿಯಮ ಹೇಳುವ ಸ್ಕ್ರಮ್ ಗೈಡಿನಲ್ಲೇ ಇದೆ. ಕೋಚ್ ಅದನ್ನು ತೆಗೆದು ತೋರಿಸಿದರು.

ರಿಪೋರ್ಟ್ ಪಕ್ಕಕ್ಕೆ ಹೋಯಿತು. ತೂಕವನ್ನು ಆಮೇಲೆ ತುಂಬುವ ಹಾಗೆ ಮಾಡಿ ಅದೇ ವಾರ ಗೋಡೌನಿಗೆ ಕಳಿಸಿದೆವು. ಸೂಪರ್‌ವೈಸರ್ ಫೋನ್ ಮಾಡಿದರು. "ಈಗ ಸರಿ ಇದೆ ಸಾರ್. ಬಿಲ್ ನಂಬರಿಂದೂ ಇದೇ ಕಥೆ, ಅದನ್ನೂ ಹೇಳ್ಲಾ?"