ಗುಡ್ಸೋರು ಯಾರಣ್ಣಾ?

ಈ ವಾರ ಕಣದಲ್ಲಿ ಕಾಫಿ ಕಾಯೋ ಪಾಳಿ ನಂದು. ಮಂಗಳವಾರ ಏಳು ಗಂಟೆ ಹೊತ್ತಿಗೆ ಲೈನ್ ಮನೆ ಅಕ್ಕ ಚೆರ್ರಿ ಒಟ್ಟು ಮಾಡಿ ಟಾರ್ಪಾಲ್ ಎಳೀತಿದ್ರು, ನಾನು ಟಾರ್ಚ್ ಹಿಡ್ಕೊಂಡು ನಿಂತಿದ್ದೆ (ಕಾಯೋ ಹೆಸ್ರು ನಂದು, ಕೆಲ್ಸ ಅವ್ರದ್ದು). ಮೇಲೊಂದು ಬೆಂಕಿ ಗೆರೆ! ಉಲ್ಕೆ ಆದ್ರೆ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯತ್ತೆ, ಇದು ನಾಲ್ಕೈದು ಚೂರಾಗಿ ನಿಧಾನಕ್ಕೆ, ಮೆರವಣಿಗೆ ಥರ ಸಿಲ್ವರ್ ಮರಗಳ ಆಚೆ ಇಳೀತು.

"ಸ್ಯಾಟಲೈಟೋ ರಾಕೆಟ್ಟೋ ಒಡೆದಿರ್ಬೇಕು ಅಕ್ಕಾ" ಅಂದೆ.

"ಅಲ್ಲಣ್ಣಾ, ಮೇಲೆ ಒಡೆದ್ರೆ ಗುಡ್ಸೋರು ಯಾರು?"

ಶನಿವಾರ ಹೋಂಸ್ಟೇಗೆ ಬಂದೋರು ಗೇಟ್ ಹತ್ರ ಬಾಟ್ಲಿ ಒಡೆದು ಹೋಗಿದ್ರಲ್ಲ, ಆ ಗಾಜು ಗುಡಿಸಿದ್ದೂ ಇದೇ ಅಕ್ಕ. ಅದಕ್ಕೇ ಕೇಳಿದ್ರೋ ಏನೋ.

ರಾತ್ರಿ ಭಾವಂಗೆ ಫೋನ್ ಮಾಡಿದ್ರೆ "ಎಲ್ಲಾ ಚೀನಾದೋರ ಕೆಲ್ಸ" ಅಂದ್ಬಿಟ್ರು. ನಮ್ಮ ಭಾವಂಗೆ ಗೊತ್ತಿಲ್ದಿರೋ ವಿಷ್ಯ ಇಲ್ಲ, ಕಾಫಿ ರೇಟ್ ಒಂದು ಬಿಟ್ಟು. 2007ರಲ್ಲಿ ಚೀನಾ ತನ್ನದೇ ಹಳೇ ಹವಾಮಾನ ಸ್ಯಾಟಲೈಟಿಗೆ ಕ್ಷಿಪಣಿ ಹೊಡೆದು, ಲೆಕ್ಕಕ್ಕೆ ಸಿಕ್ಕಿದ ತುಂಡೇ 3000ದ ಮೇಲೆ ಮಾಡಿಟ್ಟಿದ್ದು ನಿಜ. ಆದ್ರೆ 2009ರಲ್ಲಿ ಕೆಟ್ಟು ಸುತ್ತುತ್ತಿದ್ದ ರಷ್ಯಾದ ಸ್ಯಾಟಲೈಟ್ ಕಾಸ್ಮೋಸ್ 2251, ಕೆಲಸ ಮಾಡ್ತಿದ್ದ ಅಮೆರಿಕದ ಇರಿಡಿಯಂ 33ಕ್ಕೆ ಸೈಬೀರಿಯಾ ಮೇಲೆ ಗುದ್ದಿದ್ದು? 2001ರಲ್ಲಿ ನಮ್ಮದೇ ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೇ ಹಂತ, ಪಾಪ ಕೆಲಸ ಮುಗಿಸಿ ಸುಮ್ನೆ ಸುತ್ತುತ್ತಿದ್ದದ್ದು, ಸಿಡಿದು 300ಕ್ಕೂ ಹೆಚ್ಚು ಚೂರಾಗಿದ್ದು? 2019ರಲ್ಲಿ ಮಿಷನ್ ಶಕ್ತಿ ಅಂತ ನಾವೂ ಒಂದು ಸ್ಯಾಟಲೈಟನ್ನ ಹೊಡೆದ್ವಿ, ಚಪ್ಪಾಳೆ ತಟ್ಟಿದೋರಲ್ಲಿ ನಾನೂ ಒಬ್ಬ.

ಗುಡ್ಸೋರು ಯಾರು, ಗುಡ್ಸೋರು ಯಾರು ಅಂತ ಮಲಗಿದ್ರೂ ಅದೇ. ಉತ್ತರ ಇಲ್ದೇ ಇಲ್ಲ, ಗಾಳಿ. ಮಿಷನ್ ಶಕ್ತಿ ಸುಮಾರು 300 ಕಿ.ಮೀ. ಎತ್ತರದಲ್ಲಿ ಆಗಿದ್ದು, ಅಲ್ಲಿ ಚೂರುಪಾರು ಗಾಳಿ ಇರತ್ತೆ, ಉಜ್ಜಿ ಉಜ್ಜಿ ವೇಗ ಕಮ್ಮಿ ಮಾಡಿ ಕೆಳಗೆಳೆದು ಸುಟ್ಟುಬಿಡತ್ತೆ. 800 ಕಿ.ಮೀ. ಮೇಲೆ ಹೋದ್ರೆ ಆ ಗಾಳೀನೂ ಇಲ್ಲದಷ್ಟು ತೆಳು, ತುಂಡುಗಳು ನನ್ನ ಮೊಮ್ಮಕ್ಕಳ ಕಾಲಕ್ಕೂ ಸುತ್ತುತ್ತಿರತ್ವೆ, ಅದೂ ಸೆಕೆಂಡಿಗೆ ಏಳೂವರೆ ಕಿ.ಮೀ. ಸ್ಪೀಡಲ್ಲಿ. ಇನ್ನು 36,000 ಕಿ.ಮೀ. ಎತ್ತರ, ಟಿವಿ ಸ್ಯಾಟಲೈಟ್‌ಗಳ ಬೀದಿ, 2024ರ ಅಕ್ಟೋಬರ್‌ನಲ್ಲಿ ಇಂಟೆಲ್‌ಸ್ಯಾಟ್ 33ಇ ನಮ್ಮ ಹಿಂದೂ ಮಹಾಸಾಗರದ ಮೇಲೇ ಚೂರಾಯ್ತಲ್ಲ, ಅಲ್ಲಿಗೆ ಯಾವ ಗಾಳೀನೂ ಹೋಗಲ್ಲ.

ಬೆಳಿಗ್ಗೆ ಇಷ್ಟನ್ನೂ ಅಕ್ಕಂಗೆ ಹೇಳ್ದೆ. ಪೊರಕೆ ನಿಲ್ಲಿಸ್ದೇ ಕೇಳಿಸ್ಕೊಂಡ್ರು.

"ಹಂಗಾದ್ರೆ ಕೆಳಗಿಂದು ಮಾತ್ರ ಗಾಳಿ ಗುಡ್ಸತ್ತೆ, ಮೇಲಿಂದು?"

ನಾನು ಮೂಟೆ ಎಣಿಸೋಕೆ ಶುರು ಮಾಡ್ದೆ.