0.2 ವೋಲ್ಟ್ ವ್ಯತ್ಯಾಸ

ಬೇಸಿಗೆ ರಜೆಗೆ ಅಕ್ಕನ ಮಗ ಬಂದಿದ್ದ. ಹನ್ನೊಂದು ವರ್ಷದ ಹುಡುಗ. ಬಂದ ಮರುದಿನವೇ ಅಟ್ಟದ ಮೇಲಿದ್ದ ನನ್ನ, ರಿಮೋಟಿನಲ್ಲಿ ಓಡುವ ಆರ್‌ಸಿ ಟ್ರಕ್ ಅವನ ಕಣ್ಣಿಗೆ ಬಿತ್ತು. 1/10 ಅಳತೆಯದು, 540 ಸೈಜಿನ ಬ್ರಶ್ ಮೋಟರ್, ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ಆಫೀಸಿನ ಗೆಳೆಯನೊಬ್ಬ ಊರು ಬಿಡುವಾಗ ಅರ್ಧ ಬೆಲೆಗೆ ಕೊಟ್ಟು ಹೋಗಿದ್ದ. ಜೊತೆಗೆ ಬಂದದ್ದು ಆರು ಉರುಟು ಸೆಲ್‌ಗಳ ಹಳೇ ನಿಕಲ್ ಬ್ಯಾಟರಿ. ಪೂರ್ತಿ ಹೆಸರು ನಿಕಲ್ ಮೆಟಲ್ ಹೈಡ್ರೈಡ್. ಸೆಲ್ ಒಂದಕ್ಕೆ 1.2 ವೋಲ್ಟ್, ಆರಕ್ಕೆ 7.2.

ಅದನ್ನು ಚಾರ್ಜ್ ಮಾಡಿ ಮನೆ ಹತ್ತಿರದ ಖಾಲಿ ಲೇಔಟ್‌ಗೆ ಹೋದೆವು. ಮೊದಲ ಎರಡು ನಿಮಿಷ ಚೆನ್ನಾಗಿಯೇ ಓಡಿತು. ಆಮೇಲೆ ಮೆತ್ತಗಾಯಿತು. ಆರನೇ ನಿಮಿಷಕ್ಕೆ ಹೊಟ್ಟೆ ತುಂಬಿದ ಎಮ್ಮೆ ಹಾಗೆ ಒಂದೊಂದೇ ಹೆಜ್ಜೆ.

"ಮಾಮ, ಇದಕ್ಕೆ ಸುಸ್ತಾಯ್ತು" ಅಂದ.

ಹುಡುಗನ ಮುಂದೆ ಮರ್ಯಾದೆ ಹೋದರೆ ಸುಮ್ನಿರೋಕಾಗುತ್ತಾ? ಶನಿವಾರ ಇಬ್ಬರೂ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ನಡೆದೆವು.

ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ತಗೋಬೇಕು, ದೊಡ್ಡ ನಂಬರಿನದು ತಗೋಬೇಕು. ಅಂಗಡಿಯವನು ಮೇಜಿನ ಮೇಲೆ ನಾಲ್ಕೈದು ಹರವಿದ. ನನ್ನ ಕಣ್ಣು ಸೀದಾ 3ಎಸ್ ಮೇಲೆ ಹೋಯಿತು. ಮೂರು ಸೆಲ್, 11.1 ವೋಲ್ಟ್. ಪಕ್ಕದ 2ಎಸ್ ಮೇಲೆ ಬರೆದದ್ದು ಬರೀ 7.4. ನಮ್ಮ ಹಳೇ ಬ್ಯಾಟರಿ 7.2, ಇದು 7.4. 0.2 ವೋಲ್ಟ್ ವ್ಯತ್ಯಾಸಕ್ಕೆ ಇಷ್ಟು ದುಡ್ಡಾ ಅಂತ ಕೇಳಿಯೇಬಿಟ್ಟೆ.

ಅವನು ನಗಲಿಲ್ಲ, ಪಾಪ. ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುವ ಪ್ರಶ್ನೆ ಇರಬೇಕು. "ಸರ್, ಮೇಲೆ ಬರೆದಿರೋ ವೋಲ್ಟ್ ನೋಡಬೇಡಿ. ಆಕ್ಸಿಲರೇಟರ್ ಒತ್ತಿದಾಗ ಎಷ್ಟು ಉಳಿಯುತ್ತೆ, ಅದು ಮುಖ್ಯ" ಅಂದ. ಹಳೇ ನಿಕಲ್ ಸೆಲ್‌ನ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ. ಮೋಟರ್ ಕರೆಂಟ್ ಎಳೆದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ. ಲಿಪೋ ಅಷ್ಟು ಕುಸಿಯುವುದಿಲ್ಲ. ತುಂಬಿದಾಗ ಸೆಲ್‌ಗೆ 4.2, ಅಂದರೆ 2ಎಸ್‌ಗೆ 8.4 ವೋಲ್ಟ್. ಅಲ್ಲಿಂದ ನಿಧಾನವಾಗಿ ಇಳಿಯುತ್ತಾ, ಮುಗಿಯುವ ತನಕ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಎಳೆಯುತ್ತದೆ. ಈ ಕೊನೆಯ ಮಾತನ್ನು ನಾನು ಬರೀ ಒಳ್ಳೆಯ ಸುದ್ದಿ ಅಂತ ಕೇಳಿಸಿಕೊಂಡೆ.

"3ಎಸ್ ಹಾಕಿದರೆ?"

"ಓಡುತ್ತೆ. ಸ್ಪೀಡ್ ಒಂದೂವರೆ ಪಟ್ಟು ಹತ್ತಿರ ಬರುತ್ತೆ. ಈ ಬಿಸಿಲಲ್ಲಿ ಬ್ರಶ್ ಮೋಟರ್ ಎಷ್ಟು ದಿನ ಬದುಕುತ್ತೆ ಅಂತ ನಾನು ಹೇಳಲ್ಲ."

ಆಮೇಲೆ ಎಂಎಎಚ್ (ಮಿಲಿಆಂಪ್ ಅವರ್) ಮತ್ತು ಸಿ. ಎಂಎಎಚ್ ಅಂದರೆ ಟ್ಯಾಂಕ್ ಎಷ್ಟು ದೊಡ್ಡದು ಅನ್ನೋದು. ಸಿ ಅಂದರೆ ಆ ಟ್ಯಾಂಕಿನಿಂದ ಎಷ್ಟು ಜೋರಾಗಿ ಎಳೆಯಬಹುದು ಅನ್ನೋದು. 5200 ಎಂಎಎಚ್, 50ಸಿ ಅಂತ ಬರೆದಿದ್ದರೆ ಲೆಕ್ಕದಲ್ಲಿ 5.2 ಗುಣಿಸು 50, ಅಂದರೆ 260 ಆಂಪ್ಸ್. ನನ್ನ ಟ್ರಕ್ಕಿನ ಇಎಸ್‌ಸಿ, ಅಂದರೆ ಮೋಟರಿಗೆ ಕರೆಂಟ್ ಬಿಡುವ ಪೆಟ್ಟಿಗೆ, ತಾಳುವುದೇ 60. ಬಾವಿಯಲ್ಲಿ ಎಷ್ಟು ನೀರಿದ್ದರೇನು, ಇರೋದು ಒಂದೇ ಬಿಂದಿಗೆ. ಮೇಲಾಗಿ ಎಂಎಎಚ್, ಸಿ ಸಂಖ್ಯೆಗಳನ್ನು ಬರೆಯುವವರು ಕೈಬಿಚ್ಚಿ ಬರೆಯುತ್ತಾರೆ. ಅಂಗಡಿಯವನು ಅದಕ್ಕೊಂದು ಉಪಾಯ ತೋರಿಸಿದ. ಮೇಜಿನ ಕೆಳಗಿಂದ ಸಣ್ಣ ತೂಕದ ಯಂತ್ರ ತೆಗೆದು, ಒಂದೇ ಸೈಜಿನ ಎರಡು ಬ್ಯಾಟರಿ ಇಟ್ಟ. 8000 ಅಂತ ಬರೆದದ್ದು 5200 ಅಂತ ಬರೆದದ್ದಕ್ಕಿಂತ ಹಗುರ! "ಒಳಗೆ ಸಾಮಾನಿಲ್ಲದೆ ಶಕ್ತಿ ಎಲ್ಲಿಂದ ಬರುತ್ತೆ ಸರ್?" ಅಂದ. ತನ್ನದೇ ಅಂಗಡಿಯ ಮಾಲು ಅದು. ಅಲ್ಲಿಂದ ಮುಂದೆ ಅವನು ಹೇಳಿದ್ದನ್ನೆಲ್ಲ ನಂಬಿದೆ.

2ಎಸ್ 5200, ಗಟ್ಟಿ ಪ್ಲಾಸ್ಟಿಕ್ ಕವಚದ್ದು ತೆಗೆದುಕೊಂಡೆ. ವಿಮಾನಕ್ಕೆ ಹಾಕುವ ಮೆತ್ತನೆಯ ಪ್ಯಾಕ್ ಅಗ್ಗವಿತ್ತು, ಆದರೆ ಪಲ್ಟಿ ಹೊಡೆಯೋ ಟ್ರಕ್ಕಿಗೆ ಅದು ಬೇಡ. ಹಳೇ ಚಾರ್ಜರ್ ಲಿಪೋಗೆ ಆಗೋದಿಲ್ಲ. ಎರಡು ಸೆಲ್‌ಗಳನ್ನೂ ಬೇರೆ ಬೇರೆ ಅಳೆದು ಸಮ ಮಾಡುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಅದಕ್ಕೂ ಸುಮಾರಾಗಿಯೇ ದುಡ್ಡು ಹೋಯಿತು. ಹೊರಡುವಾಗ ಅಂಗಡಿಯವನು, "ಇಎಸ್‌ಸಿ ಲಿಪೋಗೆ ಇಟ್ಟಿದೀರಿ ತಾನೇ?" ಅಂತ ಕೇಳಿದ. ಇಎಸ್‌ಸಿ ಮೇಲಿನ ಸ್ಟಿಕ್ಕರಿನಲ್ಲಿ "ಲಿಪೋ 2–3ಎಸ್" ಅಂತ ಬರೆದದ್ದು ನೆನಪಿತ್ತು. ಹೂಂ ಅಂದೆ.

ಮನೆಗೆ ಬಂದರೆ ಬ್ಯಾಟರಿ ಟ್ರೇಯಲ್ಲಿ ಕೂರಲೇ ಇಲ್ಲ. ಉದ್ದ ಸರಿ ಇತ್ತು, ಅಗಲವೂ ಸರಿ. ಆದರೆ ಟ್ರೇ ತಳದಲ್ಲಿ ಉರುಟು ಸೆಲ್‌ಗಳಿಗೆ ಅಂತ ಸಣ್ಣ ಏಣುಗಳಿದ್ದವು. ಚೌಕ ಮೂಲೆಯ ಪ್ಯಾಕ್ ಅವುಗಳ ಮೇಲೆ ನಿಂತು ಅಲ್ಲಾಡುತ್ತಿತ್ತು. ಅಂಚು ಉರುಟಾದ ಲಿಪೋ ಕೂಡ ಸಿಗುತ್ತೆ ಅಂತ ಗೊತ್ತಾದದ್ದು ಆಮೇಲೆ. ಅರ ಹಿಡಿದು ಅರ್ಧ ಗಂಟೆ ಉಜ್ಜಿದೆ. ಟ್ರಕ್ಕಿನ ಕಡೆ ಹಳೇ ಬಿಳಿ ಟಾಮಿಯಾ ಪ್ಲಗ್ ಇತ್ತು. ಜಾಸ್ತಿ ಕರೆಂಟ್ ಹರಿದರೆ ಅದು ಬಿಸಿಯಾಗುತ್ತದೆ. ಅದನ್ನು ಕತ್ತರಿಸಿ, ಬ್ಯಾಟರಿಗೆ ಹೊಂದುವ ಹಳದಿ ಎಕ್ಸ್‌ಟಿ60 ಪ್ಲಗ್ ಬೆಸುಗೆ ಹಾಕಿದೆ. ಬ್ಯಾಟರಿ ಕಡೆಯ ಎರಡು ವೈರು ಮುಟ್ಟಲಿಲ್ಲ. ಅವೆರಡನ್ನೂ ಒಟ್ಟಿಗೆ ಕತ್ತರಿಸಿದರೆ ಕಟಿಂಗ್ ಪ್ಲೇಯರ್ ಮೂಲಕವೇ ಶಾರ್ಟ್ ಆಗುತ್ತದೆ ಅನ್ನೋದಾದರೂ ನನಗೆ ಗೊತ್ತಿತ್ತು. 5 ಆಂಪ್ಸ್‌ನಲ್ಲಿ ಚಾರ್ಜಿಗಿಟ್ಟು, ಪಕ್ಕದಲ್ಲೇ ಕೂತು ಕಾಯ್ದೆ. 8.40 ಅಂತ ತೋರಿಸಿದಾಗ ಹುಡುಗ ಚಪ್ಪಾಳೆ ತಟ್ಟಿದ.

ಭಾನುವಾರ ಬೆಳಿಗ್ಗೆ ಅದೇ ಲೇಔಟ್. ಆಕ್ಸಿಲರೇಟರ್ ಒತ್ತಿದ್ದೇ ತಡ, ಕೆಂಪು ಧೂಳು ಎಬ್ಬಿಸಿಕೊಂಡು ಹೋದ ಟ್ರಕ್ ಮೊದಲ ತಿರುವಿನಲ್ಲೇ ಮೂರು ಪಲ್ಟಿ. 0.2 ವೋಲ್ಟ್! ಅದೇ ಮೋಟರು, ಅದೇ ಗೇರು. ನಾನು ಹುಡುಗನಿಗಿಂತ ಜೋರಾಗಿ ಕೂಗಿದೆ. ಜಲ್ಲಿ ರಾಶಿ ಹತ್ತಿಸಿದೆವು, ಹಲಗೆ ಇಟ್ಟು ಹಾರಿಸಿದೆವು. ಹತ್ತು ನಿಮಿಷ, ಇಪ್ಪತ್ತು, ಅರ್ಧ ಗಂಟೆ. ಸುಸ್ತಿನ ಸುಳಿವೇ ಇಲ್ಲ. ಮುಗಿಸೋಣ ಅಂದಾಗಲೆಲ್ಲ "ಇನ್ನೊಂದೇ ರೌಂಡ್ ಮಾಮ". ನಿಜ ಹೇಳಬೇಕೆಂದರೆ ಅದರಲ್ಲಿ ಎರಡು ಸಲ ಹಾಗಂದದ್ದು ನಾನು. ಕೊನೆಗೆ ಒಮ್ಮೆಗೇ ಇಳಿಯಿತು. ಕುಂಟುತ್ತಾ ಕುಂಟುತ್ತಾ ನಮ್ಮ ಕಾಲ ಬಳಿ ಬಂದು ನಿಂತಿತು.

ಬ್ಯಾಟರಿ ತೆಗೆಯಲು ಹೋದರೆ ಟ್ರೇಯಿಂದ ಬರಲಿಲ್ಲ. ಬೆಳಿಗ್ಗೆ ಸಲೀಸಾಗಿ ಕೂತದ್ದು ಈಗ ಬಿಗಿ. ಕವಚದ ಪಕ್ಕದ ಜೋಡಣೆ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ಒಳಗಿನ ಬೆಳ್ಳಿ ಬಣ್ಣದ ಸೆಲ್ ಉಬ್ಬಿದ ಹಪ್ಪಳದ ಹಾಗೆ ಕಾಣಿಸುತ್ತಿತ್ತು. ಹುಡುಗನನ್ನು ದೂರ ಕಳಿಸಿದೆ. ಬ್ಯಾಟರಿಯನ್ನು ಕಲ್ಲಿನ ಮೇಲಿಟ್ಟು, ತಣ್ಣಗಾಗುವ ತನಕ ಇಬ್ಬರೂ ಹತ್ತು ಮಾರು ದೂರದಲ್ಲಿ ಬಿಸಿಲಲ್ಲೇ ನಿಂತೆವು.

ಮನೆಯಲ್ಲಿ ಮೀಟರ್ ಹಿಡಿದರೆ ಒಂದು ಸೆಲ್ 3.0, ಇನ್ನೊಂದು 2.3. ಲಿಪೋ ಸೆಲ್ 3ಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಒಳಗೆಲ್ಲ ಕೆಟ್ಟು ಗ್ಯಾಸ್ ತುಂಬಿಕೊಳ್ಳುತ್ತದೆ. ಅಲ್ಲಿಗೆ ಹೋಗದ ಹಾಗೆ ಮೊದಲೇ ನಿಲ್ಲಿಸಬೇಕಾದದ್ದು ಇಎಸ್‌ಸಿ. ಯಾಕೆ ನಿಲ್ಲಿಸಲಿಲ್ಲ ಅಂತ ಟಾರ್ಚ್ ಬಿಟ್ಟು ನೋಡಿದೆ. ಒಂದು ಮೂಲೆಯಲ್ಲಿ ಮೂರು ಪಿನ್ನು. ಅದರಲ್ಲಿ ಎರಡನ್ನು ಜೋಡಿಸುವ ಕಪ್ಪು ಜಂಪರ್, ಕಡಲೆಬೇಳೆಗಿಂತ ಚಿಕ್ಕದು. ಒಂದು ಕಡೆ ಲಿಪೋ, ಇನ್ನೊಂದು ಕಡೆ ನಿಕಲ್. ನಮ್ಮದು ನಿಕಲ್ ಕಡೆ ಕೂತಿತ್ತು. ನಿಕಲ್ ಬ್ಯಾಟರಿ ತುಂಬಾ ಕೆಳಗೆ ಇಳಿದರೂ ತಾಳಿಕೊಳ್ಳುತ್ತದೆ, ಹಾಗಾಗಿ ಪೆಟ್ಟಿಗೆ ಆರಾಮಾಗಿ ಎಳೆಯಲು ಬಿಟ್ಟಿದೆ. ಟ್ರೇ ಉಜ್ಜಿದ್ದೆ, ಪ್ಲಗ್ ಬದಲಿಸಿದ್ದೆ, ಚಾರ್ಜರ್ ಕೊಂಡಿದ್ದೆ. ಬಿಟ್ಟದ್ದು ಪೈಸೆ ಖರ್ಚಿಲ್ಲದ ಈ ಒಂದು ಕೆಲಸ.

ಹೊಸ ಚಾರ್ಜರ್ ಆ ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ವೋಲ್ಟೇಜ್ ಕಮ್ಮಿ ಅಂತ ಬೀಪ್ ಹೊಡೆಯಿತು. ಚಾರ್ಜರನ್ನು ನಿಕಲ್ ಮೋಡ್‌ಗೆ ಹಾಕಿ ಸ್ವಲ್ಪ ಮೇಲೆತ್ತಿ, ಆಮೇಲೆ ಲಿಪೋ ಮೋಡ್‌ಗೆ ತರಬಹುದು ಅನ್ನುವವರಿದ್ದಾರೆ. ಆಸೆಯಾಯಿತು, ಸುಳ್ಳು ಹೇಳಲ್ಲ. ಆದರೆ ಉಬ್ಬಿದ ಬ್ಯಾಟರಿ, ಮನೆಯಲ್ಲಿ ಮಗು. ಬೇಡ. ಅಂಗಡಿಗೆ ಫೋನ್ ಮಾಡಿದೆ. ಅವನು ಬೈಯಲಿಲ್ಲ. "ಜಂಪರ್ ಅಲ್ವಾ?" ಅಂತ ಮಾತ್ರ ಕೇಳಿದ. ಚುಚ್ಚಬೇಡಿ, ಕಸದ ಗಾಡಿಗೂ ಹಾಕಬೇಡಿ, ಬಯಲಲ್ಲಿಟ್ಟು ಬಲ್ಬಿಗೆ ಕೊಟ್ಟು ಪೂರ್ತಿ ಖಾಲಿ ಮಾಡಿ, ಆಮೇಲೆ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ ಅಂದ.

ಸಂಜೆ ಅಮ್ಮನ ಹಳೇ ಉಪ್ಪಿನಕಾಯಿ ಮಡಕೆಯನ್ನು ಕೇಳದೇ ತೆಗೆದುಕೊಂಡು ಹೋಗಿ, ಅರ್ಧ ಮರಳು ತುಂಬಿ, ಟೆರೇಸಿನ ನಡುವೆ ಬ್ಯಾಟರಿಯನ್ನು ಅದರಲ್ಲಿಟ್ಟೆ. ಬೈಕಿನ 12 ವೋಲ್ಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಎಳೆದೆ. ಪೂರ್ತಿ ಉರಿಯಲಿಲ್ಲ, ಊದುಬತ್ತಿ ತುದಿಯ ಹಾಗೆ ಕಿತ್ತಳೆ ಬಣ್ಣಕ್ಕೆ ನಿಂತಿತು. ಹುಡುಗ ಮೆಟ್ಟಿಲ ಬಾಗಿಲಿನಿಂದ ನೋಡುತ್ತಿದ್ದ.

"ಮಾಮ, ಇನ್ನೂ ಎಷ್ಟು ಹೊತ್ತು?"

"ಗೊತ್ತಿಲ್ಲ."

"ಮುಂದಿನ ಶನಿವಾರ 3ಎಸ್ ತಗೊಳ್ಳೋಣ್ವಾ?"

ಕೆಳಗಿನಿಂದ ಅಮ್ಮ ಮಡಕೆ ಎಲ್ಲಿ ಅಂತ ಕೂಗುತ್ತಿದ್ದಳು.