ಟಾನಿಕ್ ಬಾಟಲಿಯ ತುಂಗೆ

ಚಳ್ಳಕೆರೆ ಕಡೆ ಹುಡುಗರಿಗೆ ಹೊಳೆ ಅಂದರೆ ಮರಳು. ವೇದಾವತಿಯನ್ನು ನಾನು ದಾಟಿದ್ದೆಲ್ಲ ಕಾಲಿನ ಚಪ್ಪಲಿ ಬಿಚ್ಚದೆಯೇ. ಹಾಗಾಗಿ 1994ರ ಡಿಸೆಂಬರ್‌ನಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಟೂರು ತೀರ್ಥಹಳ್ಳಿ, ಆಗುಂಬೆ ಕಡೆಗೆ ಅಂತ ಗೊತ್ತಾದಾಗ ಮನೆಯಲ್ಲಿ ನನಗಿಂತ ಜಾಸ್ತಿ ಸಡಗರಪಟ್ಟವರು ಅಜ್ಜಿ.

"ಗಂಗಾ ಸ್ನಾನ, ತುಂಗಾ ಪಾನ ಅಂತಾರೆ. ಗಂಗೆ ತಾವ ಅಂತೂ ನಾನು ಹೋಗಾಕಾಗಲ್ಲ. ತುಂಗೆ ನೀರಾದ್ರೂ ಒಂದೀಟು ತಗಂಡು ಬಾರಪ್ಪ" ಅಂದರು. ಖಾಲಿಯಾಗಿದ್ದ ಟಾನಿಕ್ ಬಾಟಲಿಯೊಂದನ್ನು ಬೂದಿ, ಹುಣಸೆಹಣ್ಣು ಹಾಕಿ ತೊಳೆದರು. ಮೂರು ದಿನ ಬಿಸಿಲಿಗಿಟ್ಟರು. ಆದರೂ ಮುಚ್ಚಳ ತೆಗೆದರೆ ಸಣ್ಣಗೆ ಟಾನಿಕ್ ವಾಸನೆ ಬರುತ್ತಿತ್ತು.

ಬೆಳಗಿನ ಜಾವ ಮೂರಕ್ಕೆ ಶಾಲೆ ಮುಂದಿನಿಂದ ಬಸ್ಸು ಹೊರಟಿತು. ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು, ಹುಡುಗರ ಜೇಬಿನಲ್ಲಿ ನಲವತ್ತು. ಜೇಬಿನವು ವಾಂತಿಗೆ ಮದ್ದು. ಚಿತ್ರದುರ್ಗ ಬರುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಇಬ್ಬರಿಗೆ ಅದು ಬೇಕಾಯಿತು. ಹೊಳಲ್ಕೆರೆ ನಿದ್ದೆಯಲ್ಲಿ ಹೋಯಿತು. ಚನ್ನಗಿರಿ ಹತ್ತಿರ ಕಣ್ಣು ಬಿಟ್ಟಾಗ ಕಿಟಕಿಯಾಚೆ ಅಡಿಕೆ ತೋಟ. ನಮ್ಮ ಹೊಲಗಳಲ್ಲಿ ಆ ಕಾಲಕ್ಕೆ ಶೇಂಗಾ ಕಿತ್ತು, ಕೆಂಪು ಮಣ್ಣು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಶಿವಮೊಗ್ಗ ದಾಟಿ ಸಕ್ರೆಬೈಲಿನಲ್ಲಿ ಇಳಿದೆವು. ಆನೆಗಳಿಗೆ ಸ್ನಾನದ ಹೊತ್ತು. ಗಾಜನೂರು ಡ್ಯಾಮಿನ ಹಿನ್ನೀರಿನಲ್ಲಿ ಒಂದು ಆನೆ ಪೂರ್ತಿ ಪಕ್ಕಕ್ಕೆ ಮಲಗಿತ್ತು. ಮಾವುತ ಅದರ ಹೊಟ್ಟೆ ಮೇಲೆ ಕೂತು, ನಮ್ಮಮ್ಮ ಅಂಗಳ ತಿಕ್ಕುವ ಹಾಗೆ ತಿಕ್ಕುತ್ತಿದ್ದ. ಆನೆ ಕಣ್ಣು ಮುಚ್ಚಿತ್ತು. ಆಗಾಗ ಸೊಂಡಿಲಿನ ತುದಿ ಮಾತ್ರ ನೀರಿನಿಂದ ಮೇಲೆ ಬಂದು 'ಫುಸ್' ಅಂತಿತ್ತು. ನಾವು ಅಲ್ಲಿಂದ ಕದಲಲಿಲ್ಲ. ಮೇಷ್ಟ್ರು ಮೂರು ಸಲ ಸೀಟಿ ಊದಿದರು.

ಮಂಡಗದ್ದೆಯಲ್ಲಿ ಪಕ್ಷಿಧಾಮ ಅಂತ ಬಸ್ಸು ನಿಲ್ಲಿಸಿದರು. ಹೊಳೆ ನಡುವೆ ಮರಗಳಿದ್ದವು, ಹಕ್ಕಿ ಇರಲಿಲ್ಲ. ಅವು ಗೂಡು ಕಟ್ಟುವುದು ಮಳೆಗಾಲದಲ್ಲಿ. ಟೂರು ಹೋಗುವುದು ಡಿಸೆಂಬರ್‌ನಲ್ಲಿ. ಇವೆರಡೂ ಇವತ್ತಿಗೂ ಹೊಂದಾಣಿಕೆಯಾಗಿಲ್ಲ ಅನ್ನಿ.

ತೀರ್ಥಹಳ್ಳಿಯಲ್ಲಿ ತುಂಗೆಯ ಬಂಡೆಗಳ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಚಪಾತಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ, ಮೊಸರನ್ನ. ಆದರೆ ಯಾರ ಗಮನವೂ ಊಟದ ಮೇಲಿರಲಿಲ್ಲ. ನೀರು ಹರಿಯುತ್ತಿತ್ತು! ಯಾರೂ ಮೋಟಾರು ಹಾಕಿರಲಿಲ್ಲ, ಯಾರೂ ಬಂದ್ ಮಾಡುವ ಹಾಗೂ ಇರಲಿಲ್ಲ. ನಮ್ಮ ಗುಂಪಿನ ಒಬ್ಬ ಬೊಗಸೆಯಲ್ಲಿ ಕುಡಿದು, "ಲೇ, ಇದು ಸಪ್ಪೆ ಐತೆ" ಅಂದ. ಬೋರ್‌ವೆಲ್ಲಿನ ಉಪ್ಪು ನೀರು ಕುಡಿದೇ ಬೆಳೆದ ನಾಲಿಗೆ ಅದು, ಪಾಪ. ನಾನು ಮೊಣಕಾಲು ಮಟ್ಟ ಇಳಿದು, ತಿಳಿ ನೀರು ನೋಡಿ, ಟಾನಿಕ್ ಬಾಟಲಿಯನ್ನು ಎರಡು ಸಲ ಕುಲುಕಿ ಚೆಲ್ಲಿ, ಮೂರನೇ ಸಲ ತುಂಬಿದೆ. ಮುಚ್ಚಳ ಬಿಗಿಮಾಡಿ ಮಂಡಕ್ಕಿ ಇದ್ದ ಬಟ್ಟೆ ಚೀಲಕ್ಕೆ ಹಾಕಿದೆ.

ಅಲ್ಲಿಂದ ಆಗುಂಬೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ದಾರಿಯುದ್ದಕ್ಕೂ ಅಂತ್ಯಾಕ್ಷರಿ. ಕಾಡು ದಟ್ಟವಾದ ಮೇಲೆ ಹಾಡು ತಾನಾಗೇ ನಿಂತಿತು. ಮಧ್ಯಾಹ್ನದಲ್ಲೇ ಬಸ್ಸಿನೊಳಗೆ ಸಂಜೆಯಾದ ಹಾಗಿತ್ತು. ಸಮಾಜದ ಮೇಷ್ಟ್ರು ಎದ್ದು ನಿಂತು, ಸೀಟಿನ ಕಂಬಿ ಹಿಡಿದುಕೊಂಡೇ ಪಾಠ ಶುರುಮಾಡಿದರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮ ಚಳ್ಳಕೆರೆಯಲ್ಲಿ 500 ಆದರೆ ಹಬ್ಬ. "ಲೆಕ್ಕ ಹಾಕ್ರೋ. ನಮ್ಮೂರಿಗೆ ಹದಿನಾಲ್ಕು ವರ್ಷಕ್ಕೆ ಬರೋ ಮಳೆ ಇಲ್ಲಿ ಒಂದೇ ವರ್ಷಕ್ಕೆ!" ಹಿಂದಿನಿಂದ ಒಂದು ದನಿ: "ಹಂಗಾದ್ರೆ ಇವರಿಗೆ ಸ್ಕೂಲ್ ರಜಾ ಎಷ್ಟು ಬರುತ್ತೆ ಸಾರ್?" ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

ಊರಿನ ಹತ್ತಿರ ಬಸ್ಸು ಬಿಟ್ಟು, ಘಾಟಿ ರಸ್ತೆಯಲ್ಲಿ ಸೂರ್ಯಾಸ್ತ ನೋಡುವ ಜಾಗಕ್ಕೆ ನಡೆದೇ ಹೋದೆವು. ಅದರ ಕೆಳಗೆ ಹದಿನಾಲ್ಕು ತಿರುವು ಇಳಿದರೆ ಸೋಮೇಶ್ವರ, ಆಮೇಲೆ ಕರಾವಳಿ. ಆಕಾಶ ಶುಭ್ರವಾಗಿದ್ದರೆ ಸಮುದ್ರ ಕಾಣುತ್ತದೆ ಅಂದರು. ಎಲ್ಲರೂ ಕಟ್ಟೆಗೆ ಮುಗಿಬಿದ್ದರು. ನಾನು ಸ್ವಲ್ಪ ಹಿಂದೆ ನಿಂತು ಮಂಡಕ್ಕಿ ತೆಗೆಯೋಣ ಅಂತ ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಚೀಲವೇ ಹೋಯಿತು.

ದೊಡ್ಡ ಗಂಡು ಕೋತಿ. ಕಟ್ಟೆಯ ತುದಿಯಲ್ಲಿ ಕೂತು, ಯಾವ ಅವಸರವೂ ಇಲ್ಲದೆ ಎರಡು ಮುಷ್ಟಿ ಮಂಡಕ್ಕಿ ತಿಂದಿತು. ಆಮೇಲೆ ಬಾಟಲಿ ತೆಗೆಯಿತು. ತಿರುಗಿಸಿ ನೋಡಿತು. ಮುಚ್ಚಳ ಕಚ್ಚಿತು. ಮೂಸಿತು. ಟಾನಿಕ್ ವಾಸನೆ ಅದಕ್ಕೂ ಬಂತೋ ಏನೋ, ಮುಖ ಕಿವುಚಿ, ನನ್ನ ಕಡೆ ಒಂದು ಸಲ ನೋಡಿ ಕೆಳಗೆ ಎಸೆಯಿತು. ಎಷ್ಟೋ ಹೊತ್ತಾದ ಮೇಲೆ ಕಣಿವೆಯಿಂದ 'ಟಿಣ್' ಅಂತ ಸದ್ದು ಬಂತು.

ಆವತ್ತು ಸೂರ್ಯ ಮುಳುಗುವಾಗ ಮೊದಲು ಮಡಕೆಯ ಹಾಗೆ, ಆಮೇಲೆ ತಟ್ಟೆಯ ಹಾಗೆ ಆದನಂತೆ. ಅಂತೆ ಅನ್ನುತ್ತಿದ್ದೇನೆ, ಯಾಕೆಂದರೆ ನಾನು ಕೆಳಗಡೆ ನೋಡುತ್ತಿದ್ದೆ.

ವಾಪಸು ಬರುವಾಗ ತೀರ್ಥಹಳ್ಳಿಯಲ್ಲಿ ನಿಲ್ಲಿಸಿ ಅಂತ ಡ್ರೈವರಣ್ಣನನ್ನು ಕೇಳಿದೆ. "ಕತ್ತಲಲ್ಲಿ ಹೊಳೆಗೆ ಇಳಿಸಿ ನಾನು ಜೈಲಿಗೆ ಹೋಗ್ಲಾ?" ಅಂದರು. ರಾತ್ರಿ ಒಂಬತ್ತರ ಮೇಲೆ ಶಿವಮೊಗ್ಗದಲ್ಲಿ ಊಟಕ್ಕೆ ನಿಂತಾಗ ಸೀಟಿನ ಕೆಳಗೆ ಉರುಳಾಡುತ್ತಿದ್ದ ಪ್ಲಾಸ್ಟಿಕ್ ಬಾಟಲಿ ಎತ್ತಿಕೊಂಡೆ. ರಸ್ತೆ ಪಕ್ಕದ ನಲ್ಲಿಯಲ್ಲಿ ತುಂಬಿಸಿಕೊಂಡೆ. ಯಾರೂ ನೋಡಲಿಲ್ಲ.

ಅಜ್ಜಿ ಅದನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಬೀದಿಯವರಿಗೆಲ್ಲ ಒಂದೊಂದು ಉದ್ಧರಣೆ ಕೊಟ್ಟರು. ತಾವು ಕುಡಿದು, "ಎಂತದೋ ಔಷಧಿ ವಾಸನೆ ಐತಲ್ಲೋ" ಅಂದರು. "ಕಾಡಿನ ಬೇರಿನದು ಅಜ್ಜಿ" ಅಂದೆ. ತಲೆದೂಗಿದರು. ಬಾಟಲಿ ಏನಾಯಿತು ಅಂದಾಗ ಮಾತ್ರ ನಿಜ ಹೇಳಿದೆ: ಕೋತಿ ಕಿತ್ಕೊಂಡಿತು. ಅದನ್ನು ಅವರು ನಂಬಲಿಲ್ಲ.

ಹನ್ನೆರಡು ವರ್ಷದ ಮೇಲೆ ಕೆಲಸಕ್ಕೆ ಅಂತ ಶಿವಮೊಗ್ಗಕ್ಕೆ ಹೋದೆ. ಅಷ್ಟೊತ್ತಿಗೆ ಅಜ್ಜಿ ಇರಲಿಲ್ಲ. ಬಾಡಿಗೆ ಮನೆಯಲ್ಲಿ ಮೊದಲ ದಿನ ನಲ್ಲಿ ಬಿಟ್ಟು, ಕುಡಿಯುವುದಕ್ಕೆ ಇದೇ ನೀರಾ ಅಂತ ಮನೆ ಮಾಲೀಕರನ್ನು ಕೇಳಿದೆ. "ಮತ್ತಿನ್ನೇನು ಸಾರ್? ಊರಿಗೆಲ್ಲ ತುಂಗೆ ನೀರೇ. ಬ್ಲೀಚಿಂಗ್ ವಾಸನೆ ಸ್ವಲ್ಪ ಬರುತ್ತೆ, ಅಭ್ಯಾಸ ಆಗುತ್ತೆ" ಅಂದರು.

ಬಕೆಟ್ ತುಂಬಿ ಹೊರಗೆ ಹರಿಯುತ್ತಿತ್ತು. ನಾನು ನಿಂತೇ ಇದ್ದೆ. ಅವರೇ ಬಂದು ನಲ್ಲಿ ತಿರುಗಿಸಿದರು. "ಯಾವೂರು ಸಾರ್ ನಿಮ್ಮದು? ನೀರು ಪೋಲು ಮಾಡಬಾರದು" ಅಂದರು.